‘ಡೆಫಿನಿಟ್ಲಿ’ ಅಂದರೆ ಎಷ್ಟು ಖಂಡಿತ?

ಕನ್ನಡದಲ್ಲಿ ಮಾತಾಡುವಾಗಲೂ ಬಾಯಿಗೆ ಸಲೀಸಾಗಿ ಬರುವ ಇಂಗ್ಲಿಷ್ ಪದಗಳಲ್ಲಿ ‘ಡೆಫಿನಿಟ್ಲಿ’ ಒಂದು. ‘ಡೆಫಿನಿಟ್ಲಿ ಬರ್ತೀನಿ’, ‘ಡೆಫಿನಿಟ್ಲಿ ಅವನೇ’, ‘ಡೆಫಿನಿಟ್ಲಿ ನಾಟ್’. ಇದರ ಅರ್ಥವೇನು ಅಂತ ಕೇಳಿದರೆ ಯಾರಾದರೂ ‘ಖಂಡಿತ’ ಅನ್ನುತ್ತಾರೆ. ಅದು ಸರಿಯೇ. ಆದರೆ ಅಷ್ಟು ತಿಳಿದರೆ ಸಾಲದ ಕಾಲ ಬಂದಿದೆ.

ಇಂಗ್ಲಿಷಿನಲ್ಲಿ ಓದಿ ಬರೆಯುವ ಕೆಲಸ ಈಗ ಎಲ್ಲರ ತಲೆಯ ಮೇಲೂ ಬಿದ್ದಿದೆ. ಆಫೀಸಿನ ಮೇಲ್, ಇಂಟರ್‌ವ್ಯೂ, ಆಸ್ಪತ್ರೆಯ ರಿಪೋರ್ಟ್, ಹವಾಮಾನದ ಸುದ್ದಿ. ಸಾಲದ್ದಕ್ಕೆ ಕೇಳಿದ್ದಕ್ಕೆಲ್ಲ ಗಟ್ಟಿ ದನಿಯಲ್ಲಿ ಉತ್ತರ ಕೊಡುವ ಎಐ ಚಾಟ್‌ಬಾಟ್‌ಗಳೂ ಬಂದಿವೆ. ಇಲ್ಲೆಲ್ಲ ‘ಡೆಫಿನಿಟ್ಲಿ’ ಮತ್ತು ಅದರ ಬಳಗದ ಪದಗಳು ಎದುರಾಗುತ್ತವೆ. ಆಗ ಎರಡು ಪ್ರಶ್ನೆ ಏಳುತ್ತವೆ. ಓದುವಾಗ ಇದನ್ನು ಎಷ್ಟು ನಂಬಬೇಕು? ಬರೆಯುವಾಗ ಇದನ್ನು ಎಲ್ಲಿ ಇಡಬೇಕು? ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ: ಈ ಪದ ಯಾವುದಕ್ಕೆ ಖಾತರಿ ಕೊಡುತ್ತಿದೆ ಅನ್ನುವುದನ್ನು ಗಮನಿಸುವುದರಲ್ಲಿ.

ಬೇರಿನಲ್ಲಿ ಒಂದು ಗಡಿ ಇದೆ

‘ಡೆಫಿನಿಟ್ಲಿ’ ಬಂದಿದ್ದು ‘ಡೆಫಿನಿಟ್’ ಅನ್ನುವ ಪದದಿಂದ. ಅದರ ಬೇರು ಲ್ಯಾಟಿನ್ ಭಾಷೆಯ ‘ಫಿನಿಸ್’. ಫಿನಿಸ್ ಅಂದರೆ ಗಡಿ, ಕೊನೆ. ಫಿನಿಶ್, ಫೈನಲ್, ಡೆಫಿನಿಷನ್, ಇನ್ಫಿನಿಟಿ ಎಲ್ಲವೂ ಇದೇ ಬೇರಿನವು. ಎರಡು ಹೊಲಗಳ ನಡುವೆ ಬದು ಹಾಕಿದ ಮೇಲೆ ಯಾರದು ಎಲ್ಲಿಯವರೆಗೆ ಅನ್ನುವ ತಕರಾರು ಉಳಿಯುವುದಿಲ್ಲ. ಡೆಫಿನಿಟ್ ಅಂದರೆ ಹಾಗೆ ಬದು ಹಾಕಿ ಮುಗಿಸಿದ ಸಂಗತಿ. ಆಚೆಯೂ ಅಲ್ಲದ ಈಚೆಯೂ ಅಲ್ಲದ ಜಾಗ ಅದರಲ್ಲಿಲ್ಲ.

ಇದರಿಂದ ‘ಡೆಫಿನಿಟ್ಲಿ’ಗೆ ಎರಡು ಅರ್ಥ ಬಂದವು. ಒಂದು, ‘ನಿಗದಿಯಾಗಿ’. ‘ವಿ ಹ್ಯಾವಂಟ್ ಡೆಫಿನಿಟ್ಲಿ ಡಿಸೈಡೆಡ್ ಯೆಟ್’ ಅಂದರೆ ‘ನಾವಿನ್ನೂ ಪಕ್ಕಾ ಮಾಡಿಲ್ಲ’ ಅಂತ. ಇನ್ನೊಂದು, ನಮಗೆಲ್ಲ ಗೊತ್ತಿರುವ ‘ಅನುಮಾನವೇ ಇಲ್ಲ’ ಅನ್ನುವ ಅರ್ಥ. ಇವತ್ತು ಕಿವಿಗೆ ಬೀಳುವುದು ಹೆಚ್ಚಾಗಿ ಈ ಎರಡನೆಯದೇ.

ನಮ್ಮ ‘ಖಂಡಿತ’ದ ಹುಟ್ಟೂ ಇದಕ್ಕೆ ಹತ್ತಿರದ್ದು. ಸಂಸ್ಕೃತದಲ್ಲಿ ‘ಖಂಡಿತ’ ಅಂದರೆ ತುಂಡಾದದ್ದು, ಕತ್ತರಿಸಿದ್ದು. ಕಡ್ಡಿ ಮುರಿದ ಹಾಗೆ ಹೇಳುವುದು ಅನ್ನುತ್ತೇವಲ್ಲ, ಅದೇ ಭಾವ. ಇಂಗ್ಲಿಷಿನ ‘ಡಿಸೈಡ್’ ಕೂಡ ಲ್ಯಾಟಿನ್‌ನಲ್ಲಿ ‘ಕತ್ತರಿಸಿ ತೆಗೆ’ ಅನ್ನುವ ಕ್ರಿಯೆಯಿಂದಲೇ ಬಂದದ್ದು. ಅನುಮಾನವನ್ನು ಕಡಿದು ಹಾಕುವುದೇ ನಿರ್ಧಾರ ಅಂತ ಇಷ್ಟು ದೂರದ ಭಾಷೆಗಳಿಗೂ ಅನ್ನಿಸಿದ್ದು ನನಗೆ ತುಂಬಾ ಇಷ್ಟವಾಗುವ ವಿಷಯ.

ಮೂರು ಸಂದರ್ಭ, ಮೂರು ಬಗೆಯ ಖಾತರಿ

ಫೋನಿನಲ್ಲಿ ಒಂದು ದನಿ ಕೇಳಿ ‘ದಟ್ ಈಸ್ ಡೆಫಿನಿಟ್ಲಿ ಹರ್ ವಾಯ್ಸ್’ ಅಂದರೆ ಅದೊಂದು ತೀರ್ಮಾನ. ಕಿವಿಗೆ ಬಿದ್ದದ್ದನ್ನು ಆಧರಿಸಿ, ಅದು ಅವಳದೇ ದನಿ ಅಂತ ಹೇಳುತ್ತಿದ್ದೇವೆ. ಇಲ್ಲಿ ಖಾತರಿ ಇರುವುದು ನಮ್ಮ ಗುರುತಿಸುವಿಕೆಗೆ.

‘ಐ ವಿಲ್ ಡೆಫಿನಿಟ್ಲಿ ಕಾಲ್ ಯೂ’ ಅಂದರೆ ಅದು ಮಾತು ಕೊಟ್ಟ ಹಾಗೆ. ನಾಳೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಇಲ್ಲಿ ಗಟ್ಟಿ ಇರುವುದು ಮನಸ್ಸು ಮಾತ್ರ.

ಯಾರೋ ‘ಈ ದಾರಿಯೇ ಒಳ್ಳೆಯದು, ಅಲ್ವಾ?’ ಅಂತ ಕೇಳುತ್ತಾರೆ. ನಾವು ‘ಡೆಫಿನಿಟ್ಲಿ!’ ಅನ್ನುತ್ತೇವೆ. ಇದು ಸುಮ್ನೆ ಬಲವಾದ ‘ಹೌದು’. ಎದುರಿನವರ ಮಾತಿಗೆ ಒಪ್ಪಿಗೆ ಸೂಚಿಸುವುದಷ್ಟೇ ಇದರ ಕೆಲಸ. ಎಷ್ಟೋ ಸಲ ನಾವು ಆ ವಿಷಯದ ಬಗ್ಗೆ ಯೋಚಿಸಿರುವುದೂ ಇಲ್ಲ.

ಪದ ಒಂದೇ. ಆದರೆ ಕಿವಿಯಾರೆ ಕೇಳಿದ್ದರ ಮೇಲಿನ ಭರವಸೆ, ನಾಳೆಯ ಬಗ್ಗೆ ಕೊಟ್ಟ ಮಾತು, ಸ್ನೇಹಕ್ಕೆ ಆಡಿದ ಒಪ್ಪಿಗೆ, ಮೂರರ ತೂಕ ಒಂದೇ ಆಗಲು ಸಾಧ್ಯವಿಲ್ಲ.

ಎಲ್ಲಿ ಕೂರುತ್ತದೆ ಅನ್ನುವುದರಲ್ಲೇ ಅರ್ಥ

ಮೊದಲು ಜಾಗದ ನಿಯಮ. ವಾಕ್ಯದಲ್ಲಿ ಒಂದೇ ಕ್ರಿಯಾಪದ ಇದ್ದರೆ ‘ಡೆಫಿನಿಟ್ಲಿ’ ಅದಕ್ಕಿಂತ ಮೊದಲು ಬರುತ್ತದೆ: ‘ಐ ಡೆಫಿನಿಟ್ಲಿ ಸಾ ಹಿಮ್’. ವಿಲ್, ಹ್ಯಾವ್, ಕ್ಯಾನ್ ತರಹದ ಸಹಾಯಕ ಪದ ಇದ್ದರೆ ಅದರ ನಂತರ ಬರುತ್ತದೆ: ‘ದೇ ಹ್ಯಾವ್ ಡೆಫಿನಿಟ್ಲಿ ಲೆಫ್ಟ್’. ಈಸ್, ಆಮ್, ಆರ್ ಇದ್ದರೂ ಹಾಗೆಯೇ: ‘ಶೀ ಈಸ್ ಡೆಫಿನಿಟ್ಲಿ ಹಿಯರ್’. ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಇದನ್ನು ತೂರಿಸುವ ಹಾಗಿಲ್ಲ. ‘ಐ ಸಾ ಡೆಫಿನಿಟ್ಲಿ ಹಿಮ್’ ಅಂದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ.

ಕನ್ನಡದಲ್ಲಿ ಇಂಥ ಕಟ್ಟುಪಾಡು ಕಡಿಮೆ. ‘ಖಂಡಿತ ನಾನು ನಾಳೆ ಬರ್ತೀನಿ’, ‘ನಾನು ನಾಳೆ ಖಂಡಿತ ಬರ್ತೀನಿ’, ‘ನಾನು ನಾಳೆ ಬರ್ತೀನಿ, ಖಂಡಿತ’, ಮೂರೂ ನಡೆಯುತ್ತವೆ. ಆ ಅಭ್ಯಾಸದಿಂದಲೇ ನಾವು ‘ಡೆಫಿನಿಟ್ಲಿ ಐ ವಿಲ್ ಕಮ್’ ಅಂತ ಶುರುಮಾಡುವುದು ಜಾಸ್ತಿ. ಅದರಲ್ಲಿ ಅರ್ಥ ಕೆಡುವುದಿಲ್ಲ. ಬ್ರಿಟನ್, ಅಮೆರಿಕದ ಕಿವಿಗೆ ಮಾತ್ರ ‘ಐ ವಿಲ್ ಡೆಫಿನಿಟ್ಲಿ ಕಮ್’ ಹೆಚ್ಚು ಸಹಜ.

ಅರ್ಥವೇ ಕೆಡುವುದು ‘ನಾಟ್’ ಬಂದಾಗ. ಒಂದು ರಿಪೋರ್ಟಿನಲ್ಲಿ ಹೀಗಿದೆ ಅಂದುಕೊಳ್ಳಿ: ‘ಇಟ್ ಈಸ್ ಡೆಫಿನಿಟ್ಲಿ ನಾಟ್ ಕ್ಯಾನ್ಸರ್’. ಅಂದರೆ ಇದು ಕ್ಯಾನ್ಸರ್ ಅಲ್ಲವೇ ಅಲ್ಲ. ಈಗ ಎರಡು ಪದ ಅದಲು ಬದಲು ಮಾಡಿ: ‘ಇಟ್ ಈಸ್ ನಾಟ್ ಡೆಫಿನಿಟ್ಲಿ ಕ್ಯಾನ್ಸರ್’. ಇದರ ಅರ್ಥ ‘ಕ್ಯಾನ್ಸರ್ ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ’. ಇರಬಹುದು, ಇಲ್ಲದೆಯೂ ಇರಬಹುದು. ಮೊದಲನೆಯದನ್ನು ಓದಿದವರು ನಿರಾಳವಾಗಬಹುದು. ಎರಡನೆಯದನ್ನು ಓದಿದವರು ಮುಂದಿನ ಪರೀಕ್ಷೆಗೆ ಹೋಗಬೇಕಾಗುತ್ತದೆ. ಅವೇ ಪದಗಳು, ಅಷ್ಟೇ ಪದಗಳು.

ಹೀಗೇಕೆ? ‘ನಾಟ್’ ಆಗಲಿ ‘ಡೆಫಿನಿಟ್ಲಿ’ ಆಗಲಿ, ತಮ್ಮ ನಂತರ ಬರುವ ಭಾಗವನ್ನು ಹಿಡಿದುಕೊಳ್ಳುತ್ತವೆ. ‘ಡೆಫಿನಿಟ್ಲಿ’ ಮೊದಲು ಬಂದರೆ ‘ಅಲ್ಲ’ ಅನ್ನುವುದೇ ಖಂಡಿತವಾಗುತ್ತದೆ. ‘ನಾಟ್’ ಮೊದಲು ಬಂದರೆ ‘ಖಂಡಿತ’ ಅನ್ನುವುದೇ ಇಲ್ಲವಾಗುತ್ತದೆ. ‘ಐ ಡೆಫಿನಿಟ್ಲಿ ಡೋಂಟ್ ನೋ’ ಅನ್ನುವಾಗ ‘ಡೋಂಟ್’ಗಿಂತ ಮೊದಲೇ ‘ಡೆಫಿನಿಟ್ಲಿ’ ಇಡುವುದು ಇದೇ ಕಾರಣಕ್ಕೆ. ಗೊತ್ತಿಲ್ಲದಿರುವುದನ್ನೇ ಒತ್ತಿ ಹೇಳಬೇಕಲ್ಲ.

ಇದೇ ಕಣ್ಣಿನಿಂದ ಇನ್ನೂ ಕೆಲವು ವಾಕ್ಯ ನೋಡಿ. ‘ಐ ವಿಲ್ ಡೆಫಿನಿಟ್ಲಿ ಟ್ರೈ ಟು ಕಮ್’. ಇಲ್ಲಿ ಖಂಡಿತವಾಗಿರುವುದು ಪ್ರಯತ್ನ. ಬರುವುದಕ್ಕೆ ಯಾವ ಖಾತರಿಯೂ ಇಲ್ಲ. ‘ದಿಸ್ ಕುಡ್ ಡೆಫಿನಿಟ್ಲಿ ವರ್ಕ್’ ಅಂದರೆ ‘ಇದು ಕೆಲಸ ಮಾಡುವ ಸಾಧ್ಯತೆ ಇರುವುದಂತೂ ನಿಜ’. ಕೆಲಸ ಮಾಡಿಯೇ ಮಾಡುತ್ತದೆ ಅಂತ ಯಾರೂ ಹೇಳಿಲ್ಲ. ‘ಡೆಫಿನಿಟ್ಲಿ ಒನ್ ಆಫ್ ದಿ ಬೆಸ್ಟ್’ ಅಂದಾಗ ಒಳ್ಳೆಯವುಗಳ ಗುಂಪಿಗೆ ಸೇರಿಸಿದ್ದಾರೆ ಅಷ್ಟೆ, ಮೊದಲ ಸ್ಥಾನ ಕೊಟ್ಟಿಲ್ಲ. ಜಾಹೀರಾತುಗಳಲ್ಲಿ ಇಂಥ ವಾಕ್ಯ ಧಾರಾಳವಾಗಿ ಸಿಗುತ್ತವೆ. ಗಟ್ಟಿ ಪದ ಕೇಳಿದ ಕೂಡಲೇ ನಮ್ಮ ಕಿವಿ ಇಡೀ ವಾಕ್ಯವನ್ನೇ ಗಟ್ಟಿ ಅಂದುಕೊಳ್ಳುತ್ತದೆ. ಆ ಪದ ಹಿಡಿದಿರುವುದು ಎಷ್ಟನ್ನು ಅಂತ ಒಂದು ಕ್ಷಣ ನಿಂತು ನೋಡಬೇಕು.

ಶ್ಯೂರ್ಲಿ: ಹೆಸರಿಗೆ ಖಚಿತ, ದನಿಯಲ್ಲಿ ಪ್ರಶ್ನೆ

ಬಳಗದ ಇತರರ ಪೈಕಿ ‘ಸರ್ಟನ್ಲಿ’ ಸುಲಭದ್ದು. ಅರ್ಥ ‘ಡೆಫಿನಿಟ್ಲಿ’ಯದ್ದೇ, ಉಡುಪು ಸ್ವಲ್ಪ ಶಿಸ್ತಿನದು. ವಾಕ್ಯದ ಮೊದಲಲ್ಲೂ ಆರಾಮಾಗಿ ಕೂರುತ್ತದೆ. ಯಾರಾದರೂ ಏನಾದರೂ ಕೇಳಿದಾಗ ‘ಸರ್ಟನ್ಲಿ’ ಅಂದರೆ ‘ಆಗಲಿ, ಮಾಡೋಣ’ ಅನ್ನುವ ಮರ್ಯಾದೆಯ ಒಪ್ಪಿಗೆ. ‘ಸರ್ಟನ್ಲಿ ನಾಟ್’ ಅಂದರೆ ಮಾತ್ರ ಸ್ವಲ್ಪ ಬಿರುಸಾದ ನಿರಾಕರಣೆ. ಇದರ ಮೂಲದಲ್ಲಿ ಲ್ಯಾಟಿನ್‌ನ ಜರಡಿ ಹಿಡಿಯುವ ಕ್ರಿಯೆ ಇದೆ. ಸೋಸಿ ಬೇರ್ಪಡಿಸಿದ್ದು ಖಚಿತ.

‘ಶ್ಯೂರ್ಲಿ’ ಹತ್ತಿರ ಮಾತ್ರ ಹುಷಾರಾಗಿರಬೇಕು. ‘ಶ್ಯೂರ್’ ಬಂದಿದ್ದು ಲ್ಯಾಟಿನ್‌ನ ‘ಸೆಕ್ಯೂರಸ್’ ಪದದಿಂದ. ‘ಸೆ’ ಅಂದರೆ ಇಲ್ಲದೆ, ‘ಕ್ಯೂರಾ’ ಅಂದರೆ ಚಿಂತೆ. ಚಿಂತೆಯಿಲ್ಲದ ಸ್ಥಿತಿ. ‘ಸೆಕ್ಯೂರ್’ ಮತ್ತು ‘ಶ್ಯೂರ್’ ಎರಡೂ ಇದೇ ಪದದಿಂದ ಬೇರೆ ಬೇರೆ ದಾರಿ ಹಿಡಿದು ಇಂಗ್ಲಿಷಿಗೆ ಬಂದವು. ಗಡಿ, ಜರಡಿ ಎರಡೂ ಹೊರಗಿನ ಸಂಗತಿಗಳು. ಚಿಂತೆ ಇರುವುದು ಮನಸ್ಸಿನ ಒಳಗೆ. ನೆನಪಿಟ್ಟುಕೊಳ್ಳಲು ಇದೊಂದು ಒಳ್ಳೆಯ ಗುರುತು, ಯಾಕಂದರೆ ಇವತ್ತಿನ ‘ಶ್ಯೂರ್ಲಿ’ ಹೆಚ್ಚಾಗಿ ಮಾತಾಡುವವರ ಮನಸ್ಸಿನ ಕಡೆಗೇ ಬೆರಳು ತೋರಿಸುತ್ತದೆ.

‘ಶ್ಯೂರ್ಲಿ ಯೂ ರಿಮೆಂಬರ್ ಮಿ?’ ಇದನ್ನು ‘ನೀವು ಖಂಡಿತ ನನ್ನನ್ನು ನೆನಪಿಟ್ಟುಕೊಂಡಿದ್ದೀರಿ’ ಅಂತ ಕನ್ನಡಕ್ಕೆ ತಂದರೆ ಜೀವವೇ ಹೋಗುತ್ತದೆ. ಸರಿಯಾದ ಕನ್ನಡ: ‘ನನ್ನ ನೆನಪಿದೆ ತಾನೇ?’ ಕೇಳುವವರಿಗೆ ಗ್ಯಾರಂಟಿ ಇಲ್ಲ. ಇರಬೇಕಲ್ಲ ಅನ್ನುವ ನಿರೀಕ್ಷೆ ಇದೆ, ಇಲ್ಲ ಅಂದುಬಿಟ್ಟರೆ ಅನ್ನುವ ಅಳುಕೂ ಇದೆ. ‘ಶ್ಯೂರ್ಲಿ ಯೂ ಡೋಂಟ್ ಬಿಲೀವ್ ದಟ್’ ಅಂದರೆ ‘ಅದನ್ನು ನೀವು ನಂಬೋದಿಲ್ಲ, ಅಲ್ವಾ?’ ‘ಶ್ಯೂರ್ಲಿ ನಾಟ್!’ ಅಂದರೆ ‘ಹಾಗಿರಲಿಕ್ಕಿಲ್ಲ ಬಿಡಿ!’ ಅಂತ ನಂಬಲಾಗದೆ ಆಡುವ ಮಾತು. ಅದನ್ನು ‘ಡೆಫಿನಿಟ್ಲಿ ನಾಟ್’ ಪಕ್ಕ ಇಟ್ಟು ನೋಡಿ. ಒಂದರಲ್ಲಿ ಅಚ್ಚರಿ, ಇನ್ನೊಂದರಲ್ಲಿ ಬಾಗಿಲು ಮುಚ್ಚಿದ ಉತ್ತರ.

ಗೊಂದಲ ಆಗುವುದು ಇಲ್ಲೇ. ನಮ್ಮಲ್ಲಿ ಬಹಳ ಜನ ‘ಐ ವಿಲ್ ಶ್ಯೂರ್ಲಿ ಸೆಂಡ್ ಇಟ್’ ಅಂತ ಬರೆಯುತ್ತಾರೆ. ಮನಸ್ಸಿನಲ್ಲಿರುವುದು ಮಾತು ಕೊಡುವ ಉದ್ದೇಶ. ಹಳೆಯ ಇಂಗ್ಲಿಷಿನಲ್ಲಿ ‘ಶ್ಯೂರ್ಲಿ’ಗೆ ಆ ಪೂರ್ತಿ ಬಲ ಇತ್ತು. 17ನೇ ಶತಮಾನದ ಇಂಗ್ಲಿಷ್ ಬೈಬಲಿನಲ್ಲಿ ಅದು ಕಲ್ಲಿನಂಥ ಖಾತರಿಯ ಪದ. ಭಾರತದ ಇಂಗ್ಲಿಷ್ ಆ ಬಲವನ್ನು ಇವತ್ತಿಗೂ ಉಳಿಸಿಕೊಂಡಿದೆ, ನಮ್ಮೊಳಗೆ ಬಳಸಲು ಏನೂ ತೊಂದರೆಯಿಲ್ಲ. ಬೇರೆ ದೇಶದ ಓದುಗರಿಗೆ ಬರೆಯುವಾಗ, ಅದರಲ್ಲೂ ವಾಕ್ಯದ ಮೊದಲಲ್ಲಿ ‘ಶ್ಯೂರ್ಲಿ’ ಇಟ್ಟಾಗ, ಅವರಿಗೆ ಅದು ಪ್ರಶ್ನೆಯಂತೆ, ಕೆಲವೊಮ್ಮೆ ಆಕ್ಷೇಪಣೆಯಂತೆ ಕೇಳಬಹುದು. ಮಾತು ಕೊಡಬೇಕಾದಲ್ಲಿ ‘ಡೆಫಿನಿಟ್ಲಿ’ ಅಥವಾ ‘ಸರ್ಟನ್ಲಿ’ ಬಳಸುವುದು ಕ್ಷೇಮ.

‘ನೋ ಡೌಟ್’ ಕೂಡ ಮೋಸ ಮಾಡುವಂಥದ್ದು. ಅಕ್ಷರಕ್ಕೆ ಅಕ್ಷರ ಇಟ್ಟರೆ ‘ಅನುಮಾನವಿಲ್ಲ’. ಬಳಕೆಯಲ್ಲಿ ಅನೇಕ ಸಲ ‘ಇರಬಹುದು’ ಅನ್ನುವಷ್ಟು ಸಡಿಲ. ‘ನೋ ಡೌಟ್ ಹೀ ಈಸ್ ಬ್ಯುಸಿ’ ಅಂದರೆ ‘ಏನೋ ಕೆಲಸದಲ್ಲಿರಬೇಕು’ ಅಂತ. ‘ಡೌಟ್‌ಲೆಸ್’ ಸಹ ಹಾಗೆಯೇ. ನಿಜವಾಗಿ ಅನುಮಾನವಿಲ್ಲ ಅನ್ನಬೇಕಾದರೆ ‘ಅನ್‌ಡೌಟೆಡ್ಲಿ’ ಅಥವಾ ‘ವಿದೌಟ್ ಡೌಟ್’ ಬೇಕು.

ಒತ್ತಿ ಹೇಳಿದಷ್ಟೂ ಯಾಕೆ ಅನುಮಾನ ಬರುತ್ತದೆ?

ಎರಡು ವಾಕ್ಯ ಇಟ್ಟುಕೊಳ್ಳೋಣ. ‘ಅವನು ಮನೆಯಲ್ಲಿದ್ದಾನೆ’. ‘ಅವನು ಖಂಡಿತ ಮನೆಯಲ್ಲಿದ್ದಾನೆ’. ಯಾವುದು ಹೆಚ್ಚು ಖಚಿತ?

ಎರಡನೆಯದರಲ್ಲಿ ಒಂದು ಪದ ಜಾಸ್ತಿ ಇದೆ, ಅದೂ ಖಾತರಿಯ ಪದ. ಆದರೂ ನಂಬಿಕೆ ಹುಟ್ಟಿಸುವುದು ಮೊದಲನೆಯದು. ಕಣ್ಣಿನಿಂದ ನೋಡಿ ಬಂದವರು ಸುಮ್ನೆ ‘ಇದ್ದಾನೆ’ ಅನ್ನುತ್ತಾರೆ. ‘ಖಂಡಿತ’ ಬೇಕಾಗುವುದು ಲೆಕ್ಕ ಹಾಕಿ ಹೇಳುವವರಿಗೆ: ದೀಪ ಉರಿಯುತ್ತಿದೆ, ಗಾಡಿ ನಿಂತಿದೆ, ಅಂದಮೇಲೆ ಖಂಡಿತ ಇದ್ದಾನೆ. ಇಂಗ್ಲಿಷಿನಲ್ಲೂ ಇದೇ ಕಥೆ. ‘ಹೀ ಈಸ್ ಅಟ್ ಹೋಮ್’ ಅನ್ನುವುದು ‘ಹೀ ಮಸ್ಟ್ ಬಿ ಅಟ್ ಹೋಮ್’ ಅನ್ನುವುದಕ್ಕಿಂತ ಗಟ್ಟಿ. ಭಾಷಾಶಾಸ್ತ್ರದಲ್ಲಿ ಇದು ದಶಕಗಳಿಂದ ಚರ್ಚೆಯಲ್ಲಿರುವ ವಿಷಯ.

ಎರಡು ಎರಡಲಿ ಡೆಫಿನಿಟ್ಲಿ ನಾಲ್ಕು ಅಂತ ಯಾರೂ ಮಗ್ಗಿ ಹೇಳುವುದಿಲ್ಲ. ಸಂಶಯಕ್ಕೆ ಎಡೆ ಇದ್ದಲ್ಲಿ, ಅಥವಾ ಯಾರೋ ಆಗಲೇ ಅನುಮಾನ ಎತ್ತಿದ್ದಲ್ಲಿ ಮಾತ್ರ ಈ ಪದಕ್ಕೆ ಕೆಲಸ. ಹಾಗಾಗಿ ಯಾರೂ ಏನೂ ಕೇಳದಿದ್ದಾಗ ಸಾಲು ಸಾಲಿಗೂ ‘ಡೆಫಿನಿಟ್ಲಿ’ ಹಾಕಿದರೆ, ಓದುವವರ ಮನಸ್ಸಿನಲ್ಲಿ ಇಲ್ಲದ ಅನುಮಾನವನ್ನು ನಾವೇ ಬಿತ್ತಿದಂತೆ. ಕೆಲಸದ ಅರ್ಜಿ ಬರೆಯುವವರಿಗೆ ಇದು ತುಂಬಾ ಮುಖ್ಯ. ‘ಐ ಕ್ಯಾನ್ ಡೆಫಿನಿಟ್ಲಿ ಡು ದಿಸ್’ ಅನ್ನುವುದಕ್ಕಿಂತ ‘ಐ ಕ್ಯಾನ್ ಡು ದಿಸ್’ ಅಂದು, ಹಿಂದೆ ಮಾಡಿದ ಕೆಲಸವನ್ನು ಒಂದು ಸಾಲಿನಲ್ಲಿ ತೋರಿಸಿದರೆ ಮಾತಿಗೆ ತೂಕ ಬರುತ್ತದೆ.

ಜಾಸ್ತಿ ಬಳಸಿದ ಪದ ಸವೆಯುತ್ತದೆ ಅನ್ನುವುದಕ್ಕೆ ‘ವೆರಿ’ ಸಾಕ್ಷಿ. ಅದರ ಮೂಲ ಲ್ಯಾಟಿನ್‌ನ ‘ವೇರಸ್’, ಅಂದರೆ ಸತ್ಯ. ಒಂದು ಕಾಲಕ್ಕೆ ‘ನಿಜವಾದ’ ಅಂತ ಅರ್ಥ ಕೊಡುತ್ತಿದ್ದ ಪದ ಇವತ್ತು ಬರೀ ‘ತುಂಬಾ’ ಆಗಿ ಉಳಿದಿದೆ. ‘ರಿಯಲಿ’ ಕೂಡ ಅದೇ ದಾರಿಯಲ್ಲಿದೆ.

ಎಷ್ಟು ಪರ್ಸೆಂಟ್ ಅಂತ ಕೇಳಿದಾಗ

ಪದಗಳನ್ನು ಮೆಟ್ಟಿಲಿನಂತೆ ಜೋಡಿಸಬಹುದು. ತೀರಾ ಕೆಳಗೆ ‘ಪಾಸಿಬ್ಲಿ’, ಆಗಬಹುದು. ಅದರ ಮೇಲೆ ‘ಪ್ರಾಬಬ್ಲಿ’, ಬಹುಶಃ ಆಗುತ್ತದೆ. ಆಮೇಲೆ ‘ಆಲ್‌ಮೋಸ್ಟ್ ಸರ್ಟನ್ಲಿ’, ಹೆಚ್ಚುಕಡಿಮೆ ಖಚಿತ. ತುದಿಯಲ್ಲಿ ‘ಡೆಫಿನಿಟ್ಲಿ’. ಸಮಸ್ಯೆ ಏನಂದರೆ ಒಬ್ಬೊಬ್ಬರ ಮೆಟ್ಟಿಲಿನ ಎತ್ತರ ಒಂದೊಂದು.

ಇದರಿಂದ ಎಂಥ ಪೇಚು ಆಗಬಹುದು ಅನ್ನುವುದಕ್ಕೆ ಅಮೆರಿಕದ ಒಂದು ಪ್ರಸಂಗ ಇದೆ. 1951ರಲ್ಲಿ ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎ ಒಂದು ವರದಿ ಕೊಟ್ಟಿತು. ಆ ವರ್ಷ ಯುಗೊಸ್ಲಾವಿಯಾದ ಮೇಲೆ ದಾಳಿ ನಡೆಯುವ ‘ಗಂಭೀರ ಸಾಧ್ಯತೆ’ ಇದೆ ಅಂತ ಅದರಲ್ಲಿತ್ತು. ಹಾಗಂದರೆ ಎಷ್ಟು ಅಂತ ಒಬ್ಬ ಅಧಿಕಾರಿ, ವರದಿಯ ಹಿಂದಿದ್ದ ಶೆರ್ಮನ್ ಕೆಂಟ್ ಅವರನ್ನು ಕೇಳಿದರು. ನೂರಕ್ಕೆ 65ರಷ್ಟು ಅಂದರು ಕೆಂಟ್. ಕೇಳಿದವರಿಗೆ ಆಘಾತ. ಅವರು ಅದಕ್ಕಿಂತ ಎಷ್ಟೋ ಕಡಿಮೆ ಅಂದುಕೊಂಡಿದ್ದರು. ಕೆಂಟ್ ವಾಪಸ್ ಹೋಗಿ ಅದೇ ವರದಿಗೆ ಒಪ್ಪಿಗೆ ಕೊಟ್ಟಿದ್ದ ಸಹೋದ್ಯೋಗಿಗಳನ್ನು ಕೇಳಿದರು. ಒಬ್ಬರ ಮನಸ್ಸಿನಲ್ಲಿ 20 ಇತ್ತು, ಇನ್ನೊಬ್ಬರ ಮನಸ್ಸಿನಲ್ಲಿ 80. ಎಲ್ಲರೂ ಒಂದೇ ಪದಕ್ಕೆ ತಲೆಯಾಡಿಸಿದ್ದರು! ಆ ದಾಳಿ ನಡೆಯಲೇ ಇಲ್ಲ. ಆದರೆ 1964ರಲ್ಲಿ ಕೆಂಟ್ ಈ ಅನುಭವ ಬರೆದು, ಪ್ರತಿ ಪದಕ್ಕೂ ಒಂದು ಅಂಕಿ ಸೂಚಿಸಿದರು. ಅವರ ಪಟ್ಟಿಯಲ್ಲಿ ‘ಆಲ್‌ಮೋಸ್ಟ್ ಸರ್ಟನ್’ ಅಂದರೆ ಸುಮಾರು 93 ಪರ್ಸೆಂಟ್, ‘ಪ್ರಾಬಬಲ್’ ಅಂದರೆ ಸುಮಾರು 75.

ಈ ದಾರಿಯನ್ನು ಇವತ್ತು ಶಿಸ್ತಿನಿಂದ ಪಾಲಿಸುತ್ತಿರುವುದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ. ಅವರ ವರದಿಯಲ್ಲಿ ‘ಲೈಕ್ಲಿ’ ಅಂದರೆ ಕನಿಷ್ಠ 66 ಪರ್ಸೆಂಟ್. ‘ವೆರಿ ಲೈಕ್ಲಿ’ ಅಂದರೆ ಕನಿಷ್ಠ 90. ‘ಎಕ್ಸ್‌ಟ್ರೀಮ್ಲಿ ಲೈಕ್ಲಿ’ ಅಂದರೆ ಕನಿಷ್ಠ 95. ‘ವರ್ಚುವಲಿ ಸರ್ಟನ್’ ಅಂದರೆ 99ಕ್ಕೆ ಮೇಲೆ. ಭೂಮಿ ಬಿಸಿಯಾಗುವುದರಲ್ಲಿ ಮನುಷ್ಯರ ಪಾತ್ರದ ಬಗ್ಗೆ ಅವರ ಪದಗಳು ಹತ್ತಿದ ಮೆಟ್ಟಿಲು ನೋಡಿ. 2001ರಲ್ಲಿ ‘ಲೈಕ್ಲಿ’. 2007ರಲ್ಲಿ ‘ವೆರಿ ಲೈಕ್ಲಿ’. 2013ರಲ್ಲಿ ‘ಎಕ್ಸ್‌ಟ್ರೀಮ್ಲಿ ಲೈಕ್ಲಿ’. 2021ರಲ್ಲಿ ‘ಅನ್‌ಇಕ್ವಿವೊಕಲ್’, ಅಂದರೆ ಎರಡು ಮಾತಿಲ್ಲ. ಇಪ್ಪತ್ತು ವರ್ಷಗಳಲ್ಲಿ ಪುರಾವೆ ಒಟ್ಟಾದ ಹಾಗೆ ಪದ ಒಂದೊಂದೇ ಮೆಟ್ಟಿಲು ಏರಿತು. ಒಂದು ಪದ ಬದಲಾಗಲು ಇಷ್ಟು ಕೆಲಸ ನಡೆದಿರುತ್ತದೆ ಅಂತ ಗೊತ್ತಾದರೆ ಆ ಸುದ್ದಿಯನ್ನು ಓದುವ ರೀತಿಯೇ ಬೇರೆಯಾಗುತ್ತದೆ.

ದಿನನಿತ್ಯದ ‘ಡೆಫಿನಿಟ್ಲಿ’ಗೆ ಇಂಥ ಅಳತೆ ಯಾರೂ ಕೊಟ್ಟಿಲ್ಲ. ಅದು ನೂರಕ್ಕೆ ನೂರು ಆಗಿರಬಹುದು, ಉತ್ಸಾಹದ ಎಂಬತ್ತೂ ಆಗಿರಬಹುದು.

ಚಾಟ್‌ಬಾಟ್ ‘ಡೆಫಿನಿಟ್ಲಿ’ ಅಂದರೆ?

ಈ ಯಂತ್ರಗಳು ಅಪಾರ ಬರಹದಿಂದ ಕಲಿತ ಮಾದರಿಯ ಮೇಲೆ, ಮುಂದೆ ಯಾವ ಪದ ಬರುವುದು ಸಹಜ ಅಂತ ಲೆಕ್ಕ ಹಾಕುತ್ತಾ ವಾಕ್ಯ ಕಟ್ಟುತ್ತವೆ. ಖಾತರಿಯ ಪದವೂ ಹಾಗೆಯೇ ಬರಬಹುದು. ವಿಷಯವನ್ನು ಪರೀಕ್ಷಿಸಿ ನೋಡಿದ್ದಕ್ಕೆ ಅದು ಗುರುತಾಗುವುದಿಲ್ಲ. ತಪ್ಪು ಉತ್ತರವೂ ಅಷ್ಟೇ ನಯವಾಗಿ, ಅಷ್ಟೇ ಗಟ್ಟಿಯಾಗಿ ಬರಬಹುದು. ಉತ್ತರದ ಮೊದಲಲ್ಲಿ ಕಾಣುವ ‘ಸರ್ಟನ್ಲಿ!’ ಅಂತೂ ಮೇಲೆ ಹೇಳಿದ ಮರ್ಯಾದೆಯ ‘ಆಗಲಿ’ ಅಷ್ಟೆ. ಔಷಧಿ, ಹಣ, ಕಾನೂನಿನ ವಿಷಯವಾದರೆ ಬೇರೆ ಕಡೆ ನೋಡಿ ಖಚಿತ ಮಾಡಿಕೊಳ್ಳಲೇಬೇಕು.

ಬರೆಯುವಾಗ ಎಡವುವ ಜಾಗಗಳು

ಸ್ಪೆಲ್ಲಿಂಗ್‌ನಲ್ಲಿ ಇಂಗ್ಲಿಷ್ ಮಾತೃಭಾಷೆಯವರೂ ಪದೇ ಪದೇ ತಪ್ಪುವ ಪದ ಇದು. ನಡುವೆ ‘ಎ’ ಅಕ್ಷರ ಸೇರಿಸಿ, ಕೊನೆಯನ್ನು ‘ಏಟ್ಲಿ’ ಅನ್ನುವ ಹಾಗೆ ಬರೆದುಬಿಡುತ್ತಾರೆ. ಕಾರಣ ಉಚ್ಚಾರದಲ್ಲಿದೆ. ಒತ್ತು ಬೀಳುವುದು ಮೊದಲ ‘ಡೆ’ ಮೇಲೆ. ನಡುವಿನ ಸ್ವರಗಳು ತೇಲಿಹೋಗುತ್ತವೆ. ಕಿವಿಯಿಂದ ಅಕ್ಷರ ಹಿಡಿಯಲು ಆಗುವುದಿಲ್ಲ. ‘ಫೈನೈಟ್’ ಅನ್ನುವ ಪದ ಇದರೊಳಗೆ ಪೂರ್ತಿಯಾಗಿ ಕೂತಿದೆ ಅಂತ ನೆನಪಿಟ್ಟುಕೊಂಡರೆ ಸಾಕು. ಮೊದಲಲ್ಲಿ ‘ಡಿ-ಇ’, ಕೊನೆಯಲ್ಲಿ ‘ಎಲ್-ವೈ’. ಎಲ್ಲೂ ‘ಎ’ ಇಲ್ಲ.

ತಪ್ಪಾಗಿ ಟೈಪ್ ಮಾಡಿದರೆ ಫೋನು ಅದನ್ನು ‘ಡಿಫೈಯೆಂಟ್ಲಿ’ ಅಂತ ತಿದ್ದುವುದೂ ಉಂಟು. ಅದರ ಅರ್ಥ ‘ಧಿಕ್ಕರಿಸಿ’, ‘ಎದುರು ನಿಂತು’. ‘ನಾಳೆ ಮೀಟಿಂಗಿಗೆ ಖಂಡಿತ ಬರುತ್ತೇನೆ’ ಅಂತ ಕಳಿಸಿದ ಮೇಲ್ ‘ಧಿಕ್ಕರಿಸಿ ಬರುತ್ತೇನೆ’ ಅಂತ ತಲುಪಿದರೆ ಹೇಗಿರುತ್ತದೆ! ಕಳಿಸುವ ಮೊದಲು ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಇನ್ನೊಂದು ‘ಡೆಫಿನಿಟಿವ್ಲಿ’. ನೋಡಲು ಅವಳಿ, ಕೆಲಸ ಬೇರೆ. ಒಂದು ಪ್ರಶ್ನೆಯನ್ನು ಮತ್ತೆ ಎತ್ತುವ ಅಗತ್ಯವೇ ಬಾರದಂತೆ ಇತ್ಯರ್ಥ ಮಾಡಿದಾಗ ಆ ಪದ ಬಳಸುತ್ತಾರೆ. ‘ದಿ ಟೆಸ್ಟ್ ಡೆಫಿನಿಟಿವ್ಲಿ ಪ್ರೂವ್ಡ್ ಇಟ್’ ಅಂದರೆ ಆ ಪರೀಕ್ಷೆ ವಿಷಯವನ್ನು ಕೊನೆಗಾಣಿಸಿತು ಅಂತ. ಪಾರ್ಟಿಗೆ ಬರುತ್ತೇನೆ ಅನ್ನಲು ‘ಐ ವಿಲ್ ಡೆಫಿನಿಟಿವ್ಲಿ ಕಮ್’ ಅನ್ನುವ ಹಾಗಿಲ್ಲ. ಅಲ್ಲಿಗೆ ‘ಡೆಫಿನಿಟ್ಲಿ’ಯೇ ಬೇಕು.